ಶನಿವಾರದ ಎರಡನೇ ಸ್ವರ

“ಏನ್ರೋ ಅದು ಸದ್ದು? ಏಸುಸಾಮಿ ಇನ್ನೂ ಸಮಾಧೀಲವ್ರೆ, ನಿಮಗೆ ಈಗ್ಲೇ ಪೀಪಿ ಊದೋ ಆತ್ರವಾ?”

ಪೀಠದ ಮೆಟ್ಟಿಲ ಬಳಿ ಕೂತು ಸುಗಂಧರಾಜದ ತೊಟ್ಟು ಮುರಿಯುತ್ತಿದ್ದ ಇನ್ನಾಸಮ್ಮಜ್ಜಿ ಅಲ್ಲಿಂದಲೇ ಕೂಗಿದರು. ಕೆವಿನ್ ಗಾಬರಿಯಿಂದ ಲ್ಯಾಪ್‌ಟಾಪಿನ ಸದ್ದು ಇಳಿಸಿದ. ಸ್ಪೀಕರಿನಿಂದ ಹೊರಟಿದ್ದ ಆರ್ಗನ್ನಿನ ಒಂದೇ ಒಂದು ಸ್ವರ, ನೇರಳೆ ಬಟ್ಟೆ ಹೊದ್ದು ನಿಂತಿದ್ದ ಸಂತರ ಪ್ರತಿಮೆಗಳ ಮೇಲೆ ಹಾದು ಅಡಗಿತು.

ಗುಡ್ ಫ್ರೈಡೆಯ ಹಿಂದಿನ ದಿನ, ಗುರುವಾರ ಸಂಜೆ ಪೂಜೆಯಲ್ಲಿ ಮಹಿಮೆಯ ಹಾಡು ಮುಗಿದರೆ, ಶನಿವಾರ ರಾತ್ರಿಯ ಪಾಸ್ಕ, ಎಂದರೆ ಈಸ್ಟರ್ ಪೂಜೆಯಲ್ಲಿ ಅದೇ ಹಾಡು ಮತ್ತೆ ಬರುವ ತನಕ ಚರ್ಚಿನಲ್ಲಿ ಗಂಟೆಯಿಲ್ಲ, ವಾದ್ಯವಿಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಕೆವಿನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಮೇಟಗಳ್ಳಿಯ ಕಾರ್ಖಾನೆಯಲ್ಲಿ ವಾರವಿಡೀ ಶಿಫ್ಟ್ ಮುಗಿಸಿ ಅವನು ಹೊಸ ಸದ್ದುಗಳನ್ನೆಲ್ಲ ಜೋಡಿಸಿ ಮುಗಿಸಿದ್ದೇ ನಿನ್ನೆ. ಇವತ್ತು ಮಧ್ಯಾಹ್ನ ನೋಡದಿದ್ದರೆ ಇನ್ನು ನೋಡುವುದು ರಾತ್ರಿ, ತುಂಬಿದ ಚರ್ಚಿನ ಎದುರಲ್ಲೇ.

“ಅಜ್ಜಿ, ಒಂದೇ ಒಂದ್ಸಲ…”

“ಒಂದ್ಸಲಾನೂ ಇಲ್ಲ, ಅರ್ಧ ಸಲಾನೂ ಇಲ್ಲ. ಫಾದರ್‌ಗೆ ಹೇಳ್ಬುಡ್ತೀನಿ ನೋಡು.”

ಫಾದರ್ ಹೆಸರು ಬಂದದ್ದೇ ಕೆವಿನ್ ಸ್ಪೀಕರಿನ ವೈರು ಕಿತ್ತ. ಕ್ರಿಸ್‌ಮಸ್ ಪೂಜೆಯ ನಡುವೆ ಈ ಲ್ಯಾಪ್‌ಟಾಪು ಒಂದೇ ಸ್ವರದಲ್ಲಿ ಸಿಕ್ಕಿಕೊಂಡು ಕರ್ರೆಂದು ಅರಚಿ ಸತ್ತುಹೋಗಿತ್ತು. ಜನ ಕಿವಿ ಮುಚ್ಚಿಕೊಂಡಿದ್ದರು. ಇನ್ನೊಂದು ಸಲ ಹೀಗಾದರೆ ಹಾರ್ಮೋನಿಯಂ ಒಂದೇ ಸಾಕೆಂದು ಫಾದರ್ ಅವತ್ತೇ ಹೇಳಿದ್ದರು.

ಕೊನೆಗೆ ಹೆಡ್‌ಫೋನಿನಲ್ಲೇ ನೋಡುವುದೆಂದಾಯಿತು. ಒಂದು ಕೆವಿನ್ ಕಿವಿಗೆ, ಇನ್ನೊಂದು ಕೀಬೋರ್ಡ್ ನುಡಿಸುವ ಅಂತೋಣಿಸ್ವಾಮಿ ಅಂಕಲ್ ಕಿವಿಗೆ. ಉಳಿದವರು ಕೆವಿನ್ ಕೈ ನೋಡಿಕೊಂಡು ಹಾಡಬೇಕು. ಅಂಕಲ್ ಟೋಪಿಯ ಮೇಲೆಯೇ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಂಭೀರವಾಗಿ ಕೂತರು.

ಜಾನ್ಸಿ ಎಂದಿನಂತೆ ಲ್ಯಾಪ್‌ಟಾಪಿನ ಪಕ್ಕ ನಿಂತಳು. ಕೆವಿನ್ ಅವಳ ದೊಡ್ಡಮ್ಮನ ಮಗ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದವಳನ್ನು ಹಾಡುವ ಗುಂಪಿಗೆ ಎಳೆದು ತಂದವನು ಅವನೇ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿಯಿತ್ತು. ಲ್ಯಾಪ್‌ಟಾಪು ಎಷ್ಟು ಹೊರೆ ಹೊತ್ತಿದೆ ಎಂದು ಅದು ತೋರಿಸುತ್ತಿತ್ತು. ಆರ್ಗನ್, ವಯಲಿನ್, ಮನುಷ್ಯರ ಕಂಠ ಯಾವುದೂ ಅದರೊಳಗೆ ಸಿದ್ಧವಾಗಿ ಕೂತಿರಲಿಲ್ಲ. ಅಂಕಲ್ ಕೀ ಒತ್ತಿದ ಕ್ಷಣದಲ್ಲಿ ಲೆಕ್ಕ ಹಾಕಿ ಹುಟ್ಟಿಸಬೇಕು. ಲೆಕ್ಕ ಹೆಚ್ಚಾದರೆ ಪಟ್ಟಿ ಹಸಿರಿನಿಂದ ಕೆಂಪಿಗೆ ಏರುತ್ತಿತ್ತು. ಕೆಂಪು ಮುಟ್ಟುವ ಮೊದಲೇ ಕೆವಿನ್ ಮೊಣಕೈ ತಟ್ಟುವುದು ಜಾನ್ಸಿಯ ಕೆಲಸ.

ಅದರ ಜೊತೆಗೆ ಎರಡನೇ ಸ್ವರ ಹಾಡುವುದೂ ಅವಳದೇ. ಸ್ವೀಟಿ ಮತ್ತು ಉಳಿದ ಹುಡುಗಿಯರು ಮೇಲೆ ಹಾಡಿದರೆ ಅದಕ್ಕೆ ಒತ್ತಾಗಿ ಕೆಳಗೆ ಸಾಗುವ ಸ್ವರ. ಜೊತೆಗಿದ್ದ ಪ್ರೇಮಲೀಲಾ ಮದುವೆಯಾಗಿ ಮಂಡ್ಯಕ್ಕೆ ಹೋದ ಮೇಲೆ ಆ ಸಾಲಿಗೆ ಜಾನ್ಸಿ ಒಬ್ಬಳೇ.

ಕೆವಿನ್ ಕೈ ಎತ್ತಿದ. ಹಾಡು ಶುರುವಾಯಿತು. ಎರಡು ಸಾಲು ಕಳೆಯುವಷ್ಟರಲ್ಲಿ ಸ್ವೀಟಿ ನಿಲ್ಲಿಸಿ ಹಿಂದೆ ತಿರುಗಿದಳು.

“ಎರಡನೇ ಸ್ವರ ಎಲ್ಲೋಯ್ತು? ಏನಮ್ಮ ಜಾನ್ಸಿ, ಉಪವಾಸಕ್ಕೆ ಹಾಡೂ ಬಿಟ್ಬುಟ್ಟೆಯಾ?”

ಎಲ್ಲರೂ ನಕ್ಕರು. ಜಾನ್ಸಿಯ ತೆರೆದ ಬಾಯಿ ಹಾಗೆಯೇ ಇತ್ತು. ತುಟಿಗಳು ಹಾಡಿನ ಮಾತಿಗೆ ಸರಿಯಾಗಿ ಆಡಿದ್ದವು. ಅವುಗಳಿಂದ ಸದ್ದು ಹೊರಡದೆ ಎಷ್ಟೋ ತಿಂಗಳಾಗಿತ್ತು.

ಕಳೆದ ವರ್ಷ ಚರ್ಚಿನ ಹಬ್ಬದ ದಿನ ಅವಳ ಗಂಟಲು ಕೈಕೊಟ್ಟಿತ್ತು. ಒಂದು ಎತ್ತರದ ಸ್ವರದಲ್ಲಿ ದನಿ ಒಡೆದು, ಮುಂದಿನ ಬೆಂಚಿನವರು ತಿರುಗಿ ನೋಡಿ, ಯಾರೋ ಕಿಸಕ್ಕನೆ ನಕ್ಕಿದ್ದರು. ಆಮೇಲೆ ಕೆಲವೇ ವಾರಗಳಲ್ಲಿ ಲ್ಯಾಪ್‌ಟಾಪಿಗೆ ಹೊಸ ಸದ್ದೊಂದು ಬಂತು. ಹತ್ತಾರು ಹೆಂಗಸರು ಒಟ್ಟಿಗೆ ಹಾಡಿದಂತಹ ಕಂಠ. ಜಾನ್ಸಿ ಅದರ ಮರೆಗೆ ಸರಿದು ನಿಂತಳು. ಸ್ಪೀಕರು ತುಂಬಿಕೊಂಡು ಹಾಡುತ್ತಿತ್ತು, ಅವಳು ತುಟಿಯಾಡಿಸುತ್ತಿದ್ದಳು. ಯಾರಿಗೂ ತಿಳಿದಿಲ್ಲವೆಂದೇ ನಂಬಿದ್ದಳು. ಇವತ್ತು ಆ ಕಂಠ ಹೆಡ್‌ಫೋನಿನ ಒಳಗೇ ಉಳಿದಿತ್ತು.

“ನಾನೇ ಹಾಡ್ಬೇಡ ಅಂದೆ ಕಣೇ,” ಎಂದ ಕೆವಿನ್, ಪರದೆಯಿಂದ ಕಣ್ಣೆತ್ತದೆ. “ಮೀಟ್ರು ನೋಡ್ತವ್ಳೆ. ಎರಡೂ ಎಂಗೆ ಮಾಡ್ತಾಳೆ?”

ಅವನು ಹಾಗೆ ಹೇಳಿಯೇ ಇರಲಿಲ್ಲ. ಜಾನ್ಸಿ ಅವನತ್ತ ನೋಡಿದಳು. ಅವನು ನೋಡಲಿಲ್ಲ. ಅಂಕಲ್ ಒತ್ತುವ ಸ್ವರಗಳಲ್ಲಿ ಎರಡನೆಯದನ್ನು ಮಾತ್ರ ಆ ಕಂಠ ಹಾಡುತ್ತಿತ್ತು. ಸ್ವೀಟಿಯವರ ಸ್ವರವನ್ನು ಒಂದು ದಿನವೂ ಮುಟ್ಟಿರಲಿಲ್ಲ. ಹಾಗೆ ಜೋಡಿಸಿದ್ದವನು ಕೆವಿನ್. ಅದು ತನ್ನ ಅದೃಷ್ಟವೆಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು.

ಮತ್ತೆ ಶುರುಮಾಡಿದರು. ಈ ಸಲ ಅಂಕಲ್ಲೇ ಕೈ ತೆಗೆದರು.

“ಕೆವಿನ್, ಕಿವೀಲಿ ಸಾಸಿವೆ ಸಿಡಿದಂಗಾಯ್ತದಲ್ಲೋ.”

ಪಟ್ಟಿ ಕೆಂಪಾಗಿತ್ತು. ಜಾನ್ಸಿ ಮೊಣಕೈ ತಟ್ಟುವುದನ್ನು ಮರೆತಿದ್ದಳು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಫ್ಯಾನು ಏದುಸಿರು ಬಿಡುತ್ತಿತ್ತು. ಏಪ್ರಿಲ್ಲಿನ ಸೆಕೆ ಬೇರೆ. ಕೆವಿನ್ ಅದರ ಕೆಳಗೆ ಎರಡು ಹಾಡಿನ ಪುಸ್ತಕ ಕೊಟ್ಟು ಎತ್ತರಿಸಿದ, ಟೇಬಲ್ ಫ್ಯಾನನ್ನು ಅದರ ಕಡೆಗೇ ತಿರುಗಿಸಿದ. ಆಮೇಲೆ ಒಂದೊಂದಾಗಿ ಹೊರೆ ಇಳಿಸತೊಡಗಿದ.

ಮೊದಲು ಲ್ಯಾಪ್‌ಟಾಪಿಗೆ ಲೆಕ್ಕ ಹಾಕಲು ಸ್ವಲ್ಪ ಹೆಚ್ಚು ಸಮಯ ಕೊಟ್ಟ. ಸಿಡಿತ ನಿಂತಿತು. ಆದರೆ ಅಂಕಲ್ ಹುಬ್ಬು ಗಂಟಿಕ್ಕಿದರು.

“ಇದೇನೋ ಇದು! ನಾನಿಲ್ಲಿ ಒತ್ತಿದ್ರೆ ಸದ್ದು ನಂಜನಗೂಡಿಂದ ಬತ್ತದೆ!”

ಅದನ್ನು ಮೊದಲಿದ್ದಂತೆಯೇ ಇಟ್ಟು, ಗಂಟೆಗಳ ಸದ್ದನ್ನು ಫ್ರೀಜ್ ಮಾಡಿದ. ಎಂದರೆ ಮೊದಲೇ ಬಾರಿಸಿ ರೆಕಾರ್ಡು ಮಾಡಿಟ್ಟ. ಹಾಗೆ ಮಾಡಿದ್ದು ಹೊರೆಯಾಗುವುದಿಲ್ಲ, ಆದರೆ ಆಮೇಲೆ ಹಾಡಿನ ಜೊತೆ ಬಾಗುವುದೂ ಇಲ್ಲ. ವಯಲಿನ್ನಿಗೂ ಕಂಠಕ್ಕೂ ಅದು ಆಗದು. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಆಯಾ ದಿನ ಅಂಕಲ್ ಕೈಗೆ ಬಿಟ್ಟದ್ದು. ಹಾಗಾಗಿ ಕಂಠ ಒಟ್ಟಿಗೆ ಹಿಡಿಯಬಹುದಾದ ಸ್ವರಗಳನ್ನು ಕಡಿಮೆ ಮಾಡಿ ನೋಡಿದ. ಆಗ ಹಿಂದಿನ ಸ್ವರ ಕರಗುವ ಮೊದಲೇ, ಯಾರೋ ಬಾಯಿಗೆ ಕೈ ಒತ್ತಿದಂತೆ, ತುಂಡಾಗತೊಡಗಿತು.

“ಅಷ್ಟು ಒದ್ದಾಡೋದ್ಯಾಕೆ?” ಎಂದಳು ಸ್ವೀಟಿ, ದುಪಟ್ಟಾದಿಂದ ಗಾಳಿ ಬೀಸಿಕೊಳ್ಳುತ್ತ. “ಆ ವಾಯ್ಸೇ ಅಲ್ವಾ ಜಾಸ್ತಿ ತಿನ್ತಿರೋದು? ತೆಗೆದಾಕು. ಹಾಡಕ್ಕೆ ನಾವಿಲ್ವಾ?”

“ಅದಿರ್ಲಿ. ವಯಲಿನ್ ತೆಗಿತೀನಿ.”

“ವಯಲಿನ್ನಾ?” ಅಂಕಲ್ ಹೆಡ್‌ಫೋನನ್ನೇ ಕಿತ್ತು ಕೊರಳಿಗೆ ಇಳಿಸಿದರು. “ಲೋ, ಎರಡು ದಿನ ಜನ ಹಲಗೆ ಸದ್ದು ಕೇಳ್ಕೊಂಡು ಕಾಯ್ತರೆ. ಲೈಟ್ ಹಾಕಿ, ಗಂಟೆ ಬಾರ್ಸಿ, ಆ ವಯಲಿನ್ ಒಂದ್ಸಲ ಎದ್ರೆ ಅಲ್ವೇನೋ ಹಬ್ಬ ಬಂದಂಗೆ? ಅದಿಲ್ದೆ ನಾನೇನು ನುಡಿಸ್ಲಿ, ನನ್ನ ತಲೆಯಾ?”

“ಅಂಕಲ್, ಈ ಸಲ ಒಂದು ಅಡ್ಜೆಸ್ಟ್ ಮಾಡ್ಕಳಿ.”

“ಕಾರಣ ಹೇಳು, ಮಾಡ್ಕತೀನಿ.”

ಕೆವಿನ್ ಕತ್ತಿನ ಬೆವರು ಒರೆಸಿಕೊಂಡ. “ನಾನೇಳ್ದಂಗೆ ಆಗ್ಲಿ ಬುಡಿ,” ಎಂದ. ಅವನು ಹಾಗೆ ಹಿರಿಯರಿಗೆ ಎದುರಾಡುವವನಲ್ಲ. ಅಂಕಲ್ ಮುಖ ಊದಿಸಿಕೊಂಡರು. ಸ್ವೀಟಿ ಒಮ್ಮೆ ಕೆವಿನ್‌ನನ್ನು, ಒಮ್ಮೆ ಜಾನ್ಸಿಯನ್ನು ನೋಡಿದಳು. ಅವಳಿಗೆ ಏನೋ ಹೊಳೆಯುತ್ತಿರುವುದು ಜಾನ್ಸಿಗೆ ಕಂಡಿತು. ಇನ್ನು ಸ್ವಲ್ಪ ಹೊತ್ತು ಹೀಗೆಯೇ ಬಿಟ್ಟರೆ ಅದು ಮಾತಾಗಿ ಹೊರಗೆ ಬೀಳುತ್ತಿತ್ತು.

ಮನೆಗೆ ಹೋಗಿಬಿಡಬಹುದಿತ್ತು. ತಲೆನೋವು ಎಂದರೆ ಯಾರೂ ತಡೆಯುತ್ತಿರಲಿಲ್ಲ. ರಾತ್ರಿ ಕೊನೆಯ ಬೆಂಚಿನಲ್ಲಿ ಅವ್ವನ ಪಕ್ಕ ಮೇಣದಬತ್ತಿ ಹಿಡಿದು ನಿಂತರೆ ಸಾಕಿತ್ತು. ಆದರೆ ವಯಲಿನ್ ತೆಗೆಯಲು ಕೆವಿನ್‌ನ ಕೈ ಮೌಸಿನತ್ತ ಹೋಗುತ್ತಿತ್ತು.

ಜಾನ್ಸಿ ಕೈ ಚಾಚಿ ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು. ಪರದೆಯಲ್ಲಿ ಕಂಠದ ಸಾಲಿನ ಪಕ್ಕ, ಅದನ್ನು ನಿಲ್ಲಿಸುವ ಒಂದು ಸಣ್ಣ ಗುಂಡಿ. ಒತ್ತಿದಳು. ಸಾಲು ಬೂದಿಬಣ್ಣವಾಯಿತು. ಮೂಲೆಯ ಪಟ್ಟಿ ಕೆಂಪಿನಿಂದ ಜಾರಿ, ನಡುವಿಗಿಂತಲೂ ಕೆಳಗೆ, ಹಸಿರಿನಲ್ಲಿ ನಿಂತಿತು.

“ಏಯ್, ಬ್ಯಾಡ ಕಣೇ,” ಎಂದ ಕೆವಿನ್ ತಗ್ಗಿದ ದನಿಯಲ್ಲಿ. “ರಾತ್ರಿ ಚರ್ಚ್ ತುಂಬಿರ್ತದೆ.”

“ಗೊತ್ತಣ್ಣ.”

“ಮತ್ತೆ?”

“ವಯಲಿನ್ ಇರ್ಲಿ.”

ಅಂಕಲ್ ಹೆಡ್‌ಫೋನ್ ಏರಿಸಿಕೊಂಡರು. ಕೆವಿನ್ ಕೈ ಎತ್ತಿದಾಗ ನೋಡುತ್ತಿದ್ದುದು ಪರದೆಯನ್ನಲ್ಲ, ಜಾನ್ಸಿಯನ್ನು.

ಅವಳ ದನಿ ತಡವಾಗಿ ಬಂತು. ಬಂದದ್ದೂ ಕೆಳಗೆ, ಶ್ರುತಿಗೆ ತಾಗದ ಹಾಗೆ, ಬೇರೆ ಯಾರದ್ದೋ ದನಿಯಂತೆ. ಯಾರಾದರೂ ನಿಲ್ಲಿಸುತ್ತಾರೆಂದು ಕಾದಳು. ಯಾರೂ ನಿಲ್ಲಿಸಲಿಲ್ಲ. ಅವಳು ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದಳು. ಮೂರನೇ ಸಾಲಿನಲ್ಲಿ ಸ್ವೀಟಿ, ತಿರುಗಿ ನೋಡದೆಯೇ, ಅರ್ಧ ಹೆಜ್ಜೆ ಹಿಂದಕ್ಕೆ ಸರಿದಳು. ಈಗ ಅವಳ ಭುಜ ಜಾನ್ಸಿಯ ಹತ್ತಿರವಿತ್ತು. ಅವಳ ಸ್ವರ ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎನ್ನುವುದು ಬೆನ್ನಿನಲ್ಲೇ ಕಾಣುತ್ತಿತ್ತು. ಜಾನ್ಸಿ ಅದರ ಕೆಳಗೆ ತನ್ನದನ್ನು ಇಟ್ಟಳು. ಅದು ಕೂತಿತು.

ಎತ್ತರದ ಸ್ವರ ಬಂದಾಗ ದನಿ ನೂಲಿನಷ್ಟು ತೆಳುವಾಯಿತು. ಒಂದು ಕ್ಷಣ ಇಲ್ಲವೇ ಆಯಿತು. ಮತ್ತೆ, ಸ್ವಲ್ಪ ಗೊಗ್ಗರಾಗಿ, ಹತ್ತಿಕೊಂಡಿತು. ಅಂಕಲ್ ನುಡಿಸುತ್ತಲೇ ಒಂದು ಕಿವಿಯ ಹೆಡ್‌ಫೋನನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ, ಸರಿಸಿದ ಹಾಗೆಯೇ ಬಿಟ್ಟರು.

ಹಾಡು ಮುಗಿಯಿತು. ಪೀಠದ ಬಳಿ ಇನ್ನಾಸಮ್ಮಜ್ಜಿ ಹೂವಿನ ಕಡ್ಡಿ ಹಿಡಿದು ಇತ್ತಲೇ ನೋಡುತ್ತ ಕೂತಿದ್ದರು.

“ನಡುವೆ ಒಂದ್ಕಡೆ ದನಿ ಹೋಯ್ತಲ್ಲವ್ವ,” ಎಂದರು.

“ಹೌದಜ್ಜಿ,” ಎಂದಳು ಜಾನ್ಸಿ.

“ಬಿಸ್ನೀರು ಕುಡಿ. ರಾತ್ರಿಗೆ ಇನ್ನೂ ಹೊತ್ತದೆ.”

ಕೆವಿನ್ ಮೌಸ್ ಹಿಡಿದು ಕೇಳಿದ: “ಇಂಗೇ ಸೇವ್ ಮಾಡ್ಬುಡ್ಲಾ?”

ಅವಳು ಹೂಂ ಎಂದು ತಲೆಯಾಡಿಸಿ ಮೇಜಿನಿಂದ ಕೈ ತೆಗೆದಳು. ಕಪ್ಪು ಸನ್‌ಮೈಕಾದ ಮೇಲೆ ಅಂಗೈಯ ಗುರುತು ಐದೂ ಬೆರಳ ಸಮೇತ ಒದ್ದೆಯಾಗಿ ಮೂಡಿತ್ತು. ಟೇಬಲ್ ಫ್ಯಾನಿನ ಗಾಳಿಗೆ ಅದು ಅಂಚಿನಿಂದ ಒಳಕ್ಕೆ, ಬೆರಳ ತುದಿಗಳಿಂದ ಮೊದಲಾಗಿ, ನಿಧಾನಕ್ಕೆ ಆರತೊಡಗಿತು.