ಗೋವಿಂದಮ್ಮನ ಅಂಗಡಿಗೆ ರಜಾ

ಚಟ್ಟ ಎತ್ತಲು ನಾಲ್ವರೂ ಬಗ್ಗಿದ್ದರು. ದೇವಯ್ಯ ಕೈ ಅಡ್ಡ ಹಿಡಿದ.

"ತಡೀರ್ಲಾ! ಪುರಿ ಎಲ್ಲಿ? ದಾರಿ ಉದ್ದಕ್ಕೂ ಏನ್ ಮಣ್ಣೆರಚೀರಾ?"

ಎಲ್ಲರೂ ಸತ್ತ ಗೋವಿಂದಮ್ಮನ ಮಗ ರವಿಕುಮಾರನನ್ನು ನೋಡಿದರು. ರವಿ ಪಕ್ಕದ ಮನೆಯ ರುದ್ರಮ್ಮನನ್ನು ನೋಡಿದ.

"ನನ್ನ್ಯಾಕಪ್ಪಾ ನೋಡೀಯೆ? ನಿಮ್ಮವ್ವನ ಅಂಗಡೀಲೇ ಅದೆ, ಒಂದು ಮೂಟೆ."

"ತೆಗೆಯಂಗಿಲ್ಲ," ಎಂದ ದೇವಯ್ಯ. ಅವನು ಗೋವಿಂದಮ್ಮನ ತಮ್ಮ, ರೀತಿ ರಿವಾಜಿನಲ್ಲಿ ಬಲು ಬಿಗಿ. "ಅಂಗಡಿಯೋರು ಸತ್ರೆ ಮಣ್ಣಾಗೋಗಂಟ ಬಾಗ್ಲಾಕಿರ್ಬೇಕು. ಅದು ಮರ್ವಾದೆ. ಪೇಟೆಯಿಂದ ತರ್ಲಿ."

"ಪೇಟೆ ಎರಡು ಮೈಲಿ ಕಣಣ್ಣಾ! ಓಗಿ ಬರೋದ್ರೊಳಗೆ ಇನ್ನೊಂದು ಎಣ ಬೀಳ್ತದೆ," ಎಂದ ಚಟ್ಟಕ್ಕೆ ಬಗ್ಗಿದ್ದ ಪುಟ್ಟರಾಜು.

"ಎಂಗಿದ್ರೂ ಅಂಗಡಿ ಮುಚ್ಚೋದೇ," ಎಂದ ರವಿ. "ತಿಥಿ ಕಳೀಲಿ, ಅಲ್ಲಿ ಕಾರು ನಿಲ್ಲುಸ್ತೀನಿ."

ಬೆಳಗಿನಿಂದ ಅತ್ತು ಸುಸ್ತಾಗಿದ್ದ ರುದ್ರಮ್ಮ ಆಗ ನಿಜವಾಗಿ ಅಳತೊಡಗಿದಳು. ಅವಳ ಮಂಡಿ ಪೇಟೆಯ ಅರ್ಧ ದಾರಿಗೂ ಬಾರದು.

*

ತೊಂಬತ್ತಾರರಲ್ಲಿ ನಂಜನಗೂಡಿನಾಚೆ ಈ ಬಡಾವಣೆ ಎದ್ದಾಗ ಮನೆಗಳಿದ್ದವು, ಅಂಗಡಿ ಇರಲಿಲ್ಲ. ಗೋವಿಂದಮ್ಮ ಚೀಲ ಹಿಡಿದು ಪೇಟೆಗೆ ಹೊರಟರೆ ಬಾಗಿಲು ಬಾಗಿಲಿನಿಂದಲೂ ಕೂಗು: "ಅಕ್ಕಾ, ನಮಗೂ ಅರ್ಧ ಕೇಜಿ ಬೇಳೆ!" ಒಂದು ಚೀಲ ಎರಡಾಯಿತು, ಎರಡು ಐದಾಯಿತು. ಒಂದು ದಿನ ಹನ್ನೊಂದು ಮನೆಯ ಸಾಮಾನು ಹೊತ್ತು ತಂದವಳು ತನ್ನ ಜಗುಲಿಯ ಮೇಲೆ ಕುಕ್ಕರಿಸಿ, "ಇನ್ನು ಮನೆಮನೆಗೆ ತಂದುಕೊಡಾಕಿಲ್ಲ. ನೀವೇ ಬಂದು ತಗೊಂಡೋಗಿ" ಎಂದಳು.

ಅದೇ ಅಂಗಡಿಯ ಪೂಜೆ. ರೇಟು ಮಾತ್ರ ಪೇಟೆಯದೇ.

*

ಸೊಸೆ ಕವನ ಯಾರನ್ನೂ ಕೇಳಲಿಲ್ಲ. ಶಟರ್ ಎತ್ತಿ, ಮೊರದ ತುಂಬ ಪುರಿ ತಂದು ದೇವಯ್ಯನ ಕೈಗಿಟ್ಟಳು.

ರುದ್ರಮ್ಮ ಮೂಗೊರೆಸಿಕೊಂಡಳು. "ಕವನಾ, ಎಂಗೂ ತೆಗ್ದಿದ್ದೀಯ... ಒಂದು ಟೀ ಪುಡಿ."

"ನಮಗೆ ಕಾಲು ಕೇಜಿ ಸಕ್ಕರೆ," ಎಂದಳು ಹಿಂದಿದ್ದವಳು.

ಚಟ್ಟ ಹಿಡಿದಿದ್ದ ಪುಟ್ಟರಾಜು ಕತ್ತು ಚಾಚಿದ. "ನಂಗೊಂದು ಬೀಡಿಕಟ್ಟು ಎತ್ತಿಟ್ಟಿರವ್ವಾ, ಬರ್ತಾ ತಗೋತೀನಿ."

"ಅಲ್ಲಿ ಅವ್ವ ಬಿಸ್ಲಲ್ಲಿ ಕಾಯ್ತಾವ್ಳೆ!" ರವಿ ಕಿರುಚಿದ.

"ಕಾಯ್ತಾಳೆ ಬುಡಪ್ಪಾ," ಎಂದಳು ರುದ್ರಮ್ಮ. "ಗಿರಾಕಿ ನಿಂತಿರುವಾಗ ಅವಳು ಯಾವತ್ತು ಎದ್ದೋಗಿದ್ಲು?"

ದೇವಯ್ಯ ಮೊರ ಹಿಡಿದು ಯೋಚಿಸಿದ. "ಶಟರು ಅರ್ಧ ಇಳ್ಸವ್ವಾ ಕವನಾ. ಅರ್ಧ ಮರ್ವಾದೆನಾದ್ರೂ ಉಳೀಲಿ."

ಚಟ್ಟ ಹೊರಟಿತು. ಹೆಂಗಸರು ಹಿಂದುಳಿದರು. ಬೆಂಕಿ ಮಡಕೆ ಹಿಡಿದ ರವಿ ಬೀದಿ ತಿರುವಿನಲ್ಲಿ ಕತ್ತು ಹೊರಳಿಸಿದ.

"ಇಂದಕ್ಕೆ ತಿರುಗಿ ನೋಡ್ಬಾರ್ದು ಕಣ್ಲಾ!" ದೇವಯ್ಯ ಗದರಿದ.

ಅವನು ಆಗಲೇ ನೋಡಿಯಾಗಿತ್ತು. ಅರ್ಧ ಇಳಿದ ಶಟರಿನ ಮುಂದೆ ಸಾಲಾಗಿ ಬಗ್ಗಿದ ಬೆನ್ನುಗಳು. ಬಗ್ಗಲಾರದ ರುದ್ರಮ್ಮ ಊರುಗೋಲಿನ ತುದಿಗೆ ಚೀಲ ಸಿಕ್ಕಿಸಿ ಒಳಕ್ಕೆ ತೂರಿಸಿದ್ದಳು. "ಸೋಪು ಬ್ಯಾಡ್ವಾ ದೊಡ್ಡವ್ವಾ?" ಒಳಗಿನಿಂದ ಕವನಳ ದನಿ. ಕೋಲು ಮೆಲ್ಲಗೆ ಹೊರಬಂತು, ಚೀಲದ ಭಾರಕ್ಕೆ ಬಾಗುತ್ತ.