ಮರಗಮ್ಮನ ಪಾದಪೂಜೆ

“ಏ ಮುದುಕಿ, ಏಳು ಅಲ್ಲಿಂದ! ನಿನ್ನ ಕೈ ನಡುಗುವುದು ನೋಡಿದ್ರೆ ಇವತ್ತು ಸಾಂಬಾರಿಗೆ ನೀರುಳ್ಳಿ ಬದಲು ನಿನ್ನ ಬೆರಳೇ ಬೀಳ್ತದೆ.”

ಮ್ಯಾನೇಜರ್ ಶಂಭು ಹಿಂಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಮರಗಮ್ಮ ಈಳಿಗೆಮಣೆಯಿಂದ ತಲೆ ಎತ್ತಲಿಲ್ಲ. ಅರ್ಧ ಚೀಲ ಇನ್ನೂ ಬಾಕಿ ಇತ್ತು. ಮರಾಠಿ ಸೀಮೆಯ ಕೋಪರಖೈರಣೆಯ ಆ ಹೋಟೆಲಿನ ಹಿತ್ತಲಲ್ಲಿ ಹನ್ನೊಂದು ವರ್ಷದಿಂದ ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಹೆಚ್ಚಿ ಹೆಚ್ಚಿ ಈಗ ಕಣ್ಣಲ್ಲಿ ನೀರು ಬರುವುದೂ ನಿಂತುಹೋಗಿತ್ತು.

“ಕೈ ನಡುಗಲತ್ತಿಲ್ಲೋ ಭಾಡ್ಯಾ, ಮಣಿ ಅಲ್ಲಾಡ್ಲತ್ತದ. ಅದರ ಕಾಲು ಮುರದು ಎರಡು ವರ್ಷ ಆಯ್ತು.”

“ಮಣೆ ಹೊಸತು ತರಬಹುದು. ನಿನ್ನನ್ನು ಎಂತ ಮಾಡುವುದು?”

ಅಷ್ಟರಲ್ಲಿ ಮಾಲೀಕ ಯಜ್ಞೇಶ್ವರರೇ ಬಂದರು. ಉಡುಪಿ ಕಡೆಯವರು, ಮಾತು ಮೆತ್ತಗೆ. ಹೋಟೆಲಿಗೆ ಹೊಸದಾಗಿ ಫ್ಯಾಮಿಲಿ ರೂಮ್ ಕಟ್ಟಿಸಿ, ಅದಕ್ಕೆ ಆಳೆತ್ತರದ ಗಾಜು ಹಾಕಿಸಿದ್ದರು. ಗಾಜು ಹಾಕಿದ ಮೇಲೆ ಗೊತ್ತಾಯಿತು, ಅದರಿಂದ ಹಿತ್ತಲು ಕಾಣುತ್ತದೆ, ಹಿತ್ತಲಲ್ಲಿ ಮರಗಮ್ಮ ಕಾಣುತ್ತಾಳೆ.

“ಗಿರಾಕಿ ಮಸಾಲೆದೋಸೆ ಬಾಯಿಗೆ ಇಡುವಾಗ ಎದುರಿಗೆ ನೀನು ಕಾಣ್ತಿ ಮಾರಾಯ್ತಿ. ಹಸಿವೆಯೇ ಸಾಯ್ತದೆ. ಎಷ್ಟು ವಯಸ್ಸು ನಿನಗೆ?”

“ನಲವತ್ತೈದ್ರಿ.”

“ಕೆಲಸಕ್ಕೆ ಸೇರುವಾಗಲೂ ನಲವತ್ತೈದು ಅಂದಿದ್ದಿಯಲ್ಲ?”

“ನಂದು ಒಂದ ಮಾತು ರೀ ಶೇಟ. ದಿನಕ್ಕೊಂದು ಹೇಳಾಕಿ ಅಲ್ಲ.”

ಶಂಭುವಿಗೆ ನಗು ಬಂತು. ಶೇಟರಿಗೆ ಬರಲಿಲ್ಲ. “ಅರವತ್ತು ದಾಟಿದವರಿಗೆ ಇಲ್ಲಿ ಕೆಲಸ ಇಲ್ಲ. ನಾಳೆಯಿಂದ ಬರಬೇಡ,” ಎಂದು ಒಳಗೆ ಹೋದರು.

ಮರಗಮ್ಮ ಗುಡಿಸಲಿಗೆ ಬಂದು ಕಾಲು ಚಾಚಿ ಕೂತಳು. ಕೆಲಸ ಇಲ್ಲದಿದ್ದರೆ ಐರೋಲಿಗೆ, ಗಾರೆ ಕೆಲಸದ ಮಗನ ಹತ್ತಿರ ಹೋಗಬೇಕು. ಅಲ್ಲಿ ತಗಡಿನ ಒಂದು ಶೆಡ್ಡಿನಲ್ಲಿ ಆರು ಜನ ಒಬ್ಬರ ಮೇಲೊಬ್ಬರು ಮಲಗುತ್ತಿದ್ದರು. ಸೊಸೆ ಕೆಟ್ಟವಳಲ್ಲ. ಜಾಗ ಕೆಟ್ಟದ್ದು.

ಪಕ್ಕದ ಗುಡಿಸಲಿನ ಮುದುಕ ಸಿದ್ರಾಮ ಸುದ್ದಿ ಕೇಳಿ ಬಂದ. ಅದೇ ಹೋಟೆಲಿಗೆ ನೀರು ಹೊರುತ್ತಿದ್ದವನು. ಕೊಡ ತುಂಬಿ ತರಲು ತಡವಾಗುತ್ತದೆಂದು ಹೋದ ತಿಂಗಳು ಅವನನ್ನು ಬಿಡಿಸಿದ್ದರು.

“ನಿನಗ ಏನಂದ್ರು?” ಎಂದು ಕೇಳಿದ.

“ನನ್ನ ಮಾರಿ ನೋಡಿದ್ರ ದ್ವಾಸಿ ಇಳಿಯಂಗಿಲ್ಲಂತ.”

ಸಿದ್ರಾಮ ಅವಳ ಮುಖವನ್ನು ಚೆನ್ನಾಗಿ ನೋಡಿದ. “ಚಟ್ನಿ ಹಚಗೊಂಡ್ರ ಇಳೀತದ ಬಿಡು,” ಎಂದ. ಮರಗಮ್ಮ ಕೈಗೆ ಸಿಕ್ಕ ಪೊರಕೆ ಎಸೆದಳು.

ಮಧ್ಯಾಹ್ನ ಎರಡು ಗಂಟೆಗೆ ಹೋಟೆಲಿನ ಉಳ್ಳಾಗಡ್ಡಿ ಟೆಂಪೋ ಬಂದು ಗುಡಿಸಲುಗಳ ಮುಂದೆ ನಿಂತಿತು. ಶಂಭು ಇಳಿದ. ಬೆವತು ಒದ್ದೆಯಾಗಿದ್ದ. “ಅಜ್ಜೀ,” ಎಂದ. “ಸ್ವಲ್ಪ ಬರ್ಬೇಕಿತ್ತು.”

“ಮುಂಜಾನಿ ಮುದುಕಿ ಇದ್ದೆ. ಈಗ ಅಜ್ಜಿ ಯಾವಾಗ ಆದೆ?”

ಶಂಭು ಕಷ್ಟ ಹೇಳಿಕೊಂಡ. ಆ ವರ್ಷ ಇಡೀ ಜಗತ್ತಿಗೇ ಹಿರಿಯರ ವರ್ಷವಂತೆ. ಯಜ್ಞೇಶ್ವರರು ಕನ್ನಡ ಸಂಘದ ಅಧ್ಯಕ್ಷರು. ಇವತ್ತು ಸಂಜೆ ಸಂಘದಲ್ಲಿ ಹತ್ತು ಮಂದಿ ಹಿರಿಯರಿಗೆ ಪಾದಪೂಜೆ. ನಗರಸೇವಕರು, ಅಂದರೆ ಕಾರ್ಪೊರೇಟರು, ಬರುತ್ತಾರೆ, ಪೇಪರಿನವರು ಬರುತ್ತಾರೆ. ಬರಬೇಕಾದ ಹಿರಿಯರು ಮಾತ್ರ ಬರುತ್ತಿಲ್ಲ. ರಿಟೈರಾದ ಬ್ಯಾಂಕಿನವರೊಬ್ಬರು, ನನ್ನನ್ನು ಮುದುಕ ಅನ್ನುತ್ತೀರಾ ಎಂದು ಫೋನು ಇಟ್ಟರು. ಇನ್ನೊಬ್ಬರು ನಿನ್ನೆಯೇ ತಲೆಗೆ ಬಣ್ಣ ಹಾಕಿಸಿಕೊಂಡು ಬಂದಿದ್ದರು. ಉಳಿದವರ ಕತೆಯೂ ಅದೇ.

“ಮುದುಕರು ಅಂತ ಕಣ್ಣಿಗೆ ಕಾಣ್ಬೇಕು ಅಜ್ಜೀ, ಹಾಗಿನವರು ನೀವೇ.”

“ಊಟ ಅದೇನು?” ಸಿದ್ರಾಮ ಕೇಳಿದ.

“ಹೋಳಿಗೆ ಉಂಟು.”

ಸಿದ್ರಾಮ ಆಗಲೇ ಟೆಂಪೋದೊಳಗಿದ್ದ. ಮರಗಮ್ಮ ಸೆರಗು ಬಿಗಿದು ತಾನೂ ಹತ್ತಿದಳು. ಓಣಿಯ ಇನ್ನೂ ಎಂಟು ಮಂದಿ ಮುದುಕರು ಹತ್ತಿದರು. ದಾರಿಯಲ್ಲಿ ಶಂಭು ಕಾಗದ ಹಿಡಿದು ವಯಸ್ಸು ಬರೆದುಕೊಂಡ. ಮರಗಮ್ಮ ಈ ಸಲವೂ ನಲವತ್ತೈದು ಎಂದಳು. ಅವನು ಎಂಬತ್ತೆರಡು ಎಂದು ಬರೆದ.

ಸಂಘದ ಸಭಾಂಗಣದ ಹಿಂದೆ ನಳದ ಹತ್ತಿರ ಯಜ್ಞೇಶ್ವರರ ಹೆಂಡತಿ ಜಲಜಾಕ್ಷಿ ರೇಷ್ಮೆ ಸೀರೆಯಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು.

“ಮೊದಲು ಕಾಲು ತೊಳ್ಕೊಳ್ಳಿ ಎಲ್ಲ.”

“ಕಾಲು ತೊಳೀತಾರಂತಲ್ರಿ ಬಾಯೀರ, ಮ್ಯಾಲ?” ಮರಗಮ್ಮ ಕೇಳಿದಳು.

“ತೊಳೀತಾರೆ. ನಮ್ಮವರು ಮುಟ್ಟುವ ಕಾಲು, ತೊಳೆದಿರ್ಬೇಡ್ವಾ?” ಜಲಜಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದು ಕೇಳಿದರು, “ಅಲ್ಲ, ನೀವೆಲ್ಲ ಯಾವ ಜನ?”

“ಮುದಕ ಜನರೀ,” ಎಂದ ಸಿದ್ರಾಮ.

“ಹಾಗಲ್ಲ. ಜಾತಿ, ಜಾತಿ.”

ಸಿದ್ರಾಮ ಹೇಳಿದ. ಜಲಜಾಕ್ಷಿ ಇನ್ನೊಂದು ಹೆಜ್ಜೆ ಹಿಂದೆ ಸರಿದು, “ಹಾಗಾದ್ರೆ ಎರಡೆರಡು ಸಲ ತಿಕ್ಕಿ,” ಎಂದರು. ಹತ್ತು ಜನ ಸಾಲಾಗಿ ಕೂತು ಪಾತ್ರೆಗಳ ಹಾಗೆ ತಮ್ಮ ಕಾಲುಗಳನ್ನು ತಿಕ್ಕಿದರು. ಸಿದ್ರಾಮ ಕಚಗುಳಿ ತಾಳದೆ ನಕ್ಕು ನಕ್ಕು ನಳದ ಕೆಳಗೇ ಉರುಳಿದ. ಹಿಮ್ಮಡಿಯ ಬಿರುಕುಗಳೊಳಗಿನ ಕಪ್ಪು ಮಾತ್ರ ಹೋಗಲಿಲ್ಲ. ಅದಕ್ಕೆ ಜಲಜಾಕ್ಷಿ ದೂರದಿಂದಲೇ ಪೌಡರ್ ಉದುರಿಸಿದರು. ಹತ್ತೂ ಜನ ಸೀನಿದರು.

ಆಮೇಲೆ ಶಂಭು ಒಬ್ಬೊಬ್ಬರಿಗೆ ಒಂದೊಂದು ಕೋಲು ಕೊಟ್ಟ. ಕೋಲು ಸಾಲದೆ ಇಬ್ಬರಿಗೆ ಕೊಡೆ, ಒಬ್ಬರಿಗೆ ಪೊರಕೆಯ ಹಿಡಿ. “ಸ್ವಲ್ಪ ಬಗ್ಗಿ ನಡೀರಿ. ಅಜ್ಜೀ, ನೀವು ಪೊಲೀಸಿನ ಹಾಗೆ ನಡೀತೀರಿ. ಕೈ ನಡುಗ್ಬೇಕು, ಕೈ!”

ಮರಗಮ್ಮ ನಿಂತಳು. “ಮುಂಜಾನಿ ನಡಗತಾವಂತ ಹೊರಗ ಹಾಕಿದಿ. ಈಗ ನಡಗವಲ್ಲವಂತ ಬೈಲತ್ತಿ. ಸೂಳಿಮಗನ, ಒಂದು ಕಡಿ ನಿಂದ್ರು!”

“ಅಯ್ಯೋ, ಮೆಲ್ಲ ಮಾತಾಡಿ. ಒಳಗೆ ನಗರಸೇವಕರು ಬಂದಿದ್ದಾರೆ.”

ಸಭಾಂಗಣ ತುಂಬಿತ್ತು. ಹತ್ತು ಜನ ವೇದಿಕೆಯ ಕುರ್ಚಿಗಳಲ್ಲಿ ಕೂತರು. ನಗರಸೇವಕರು ಮರಾಠಿಯಲ್ಲಿ ಎರಡು ಮಾತಾಡಿ ಗಡಿಯಾರ ನೋಡಿಕೊಂಡರು. ಯಜ್ಞೇಶ್ವರರು ಎದ್ದರು. ಹಿರಿಯರು ದೇವರ ಸಮಾನ ಎಂದರು. ಅವರನ್ನು ಮೂಲೆಗೆ ತಳ್ಳುವ ಸಮಾಜ ಉದ್ಧಾರವಾಗುವುದಿಲ್ಲ ಎಂದರು. ನಡುವೆ ನೀರು ಕುಡಿದರು.

“ಈ ತಾಯಿಯನ್ನೇ ನೋಡಿ. ಎಂಬತ್ತೆರಡು ವರ್ಷ. ಹನ್ನೊಂದು ವರ್ಷದಿಂದ ನಮ್ಮ ಹೋಟೆಲಿನಲ್ಲಿ ಇದ್ದಾರೆ. ಒಂದು ದಿನವೂ ಅವರನ್ನು ಕೆಲಸದವರು ಅಂತ ನಾವು ಕಂಡದ್ದಿಲ್ಲ.”

ಚಪ್ಪಾಳೆ ಬಿತ್ತು. ಹಿತ್ತಾಳೆಯ ಹರಿವಾಣ ಬಂತು. ಪುರೋಹಿತರು ನೆಲದ ಮೇಲೆ ಕೂತು ಮಂತ್ರ ಹೇಳಲು ಮೈಕನ್ನು ಮಂಡಿಯ ಎತ್ತರಕ್ಕೆ ಇಳಿಸಿಕೊಂಡರು. “ಬಲಗಾಲು,” ಎಂದರು. ಮರಗಮ್ಮ ಬಲಗಾಲು ಇಟ್ಟಳು. ಯಜ್ಞೇಶ್ವರರು ಮಂಡಿಯೂರಿ ತಂಬಿಗೆಯಿಂದ ನೀರು ಬಿಟ್ಟರು.

ನೀರು ಉಗುರುಬೆಚ್ಚಗಿತ್ತು. ಅವರ ಕೈ ಬೆಣ್ಣೆಯಂತೆ ಮೃದುವಾಗಿತ್ತು. ಮರಗಮ್ಮನ ಕಾಲನ್ನು ಈವರೆಗೆ ಯಾರೂ ಮುಟ್ಟಿರಲಿಲ್ಲ. ಬಾಣಂತನದಲ್ಲಿ ತಾಯಿ ನೀರೆರೆದದ್ದು ಬಿಟ್ಟರೆ. ಉಳ್ಳಾಗಡ್ಡಿಗೂ ಬಾರದಿದ್ದ ನೀರು ಕಣ್ಣಿನ ತುದಿಗೆ ಬಂತು. ಕ್ಯಾಮೆರಾ ಮಿಂಚಿತು. ಮಿಂಚಿದ್ದೇ ತಡ, ಶೇಟರ ಕೈ ಹಿಂದೆ ಸರಿಯಿತು. ಅವಳ ಕಾಲಿನ ಎರಡೇ ಬೆರಳು ನೆನೆದಿದ್ದವು.

“ಆಯ್ತು, ಕಾಲು ತೆಗಿ,” ಎಂದರು ಮೆಲ್ಲಗೆ.

ಮರಗಮ್ಮ ಕಾಲು ತೆಗೆಯಲಿಲ್ಲ. “ಶೇಟ, ನಾಳಿ ಕೆಲಸಕ್ಕ ಬರ್ಲೇನು?”

“ಅದೆಲ್ಲ ಆಮೇಲೆ ಮಾತಾಡುವ.”

“ಈಗ ಹೇಳು.”

ಯಜ್ಞೇಶ್ವರರು ಹಲ್ಲು ಕಚ್ಚಿ, ಇನ್ನೂ ಮೆಲ್ಲಗೆ ಹೇಳಿದರು, “ಕಾಲು ತೆಗಿಯೇ ಮುದುಕಿ, ದರಿದ್ರದವಳೇ!”

ಮೈಕು ಶೇಟರ ಬಾಯಿಂದ ಒಂದು ಗೇಣು ದೂರದಲ್ಲಿತ್ತು. ದರಿದ್ರದವಳೇ ಎಂಬ ಮಾತು ಸಭಾಂಗಣದ ನಾಲ್ಕೂ ಸ್ಪೀಕರುಗಳಿಂದ ಹೊರಟು, ಹೊರಗೆ ಹೋಳಿಗೆ ಬೇಯಿಸುತ್ತಿದ್ದವರಿಗೂ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪುರೋಹಿತರ ಮಂತ್ರ ತಪ್ಪಿತು.

ಮರಗಮ್ಮ ಕೋಲು ಕೆಳಗಿಟ್ಟು, ಮೈಕಿಗೆ ಬಗ್ಗಿದಳು. “ಇವತ್ತು ಮುಂಜಾನಿ ಈ ಶೇಟ ನನ್ನ ಕೆಲಸದಿಂದ ತಗದಾನ್ರೀ. ನನ್ನ ಮಾರಿ ನೋಡಿದ್ರ ದ್ವಾಸಿ ಇಳಿಯಂಗಿಲ್ಲಂತ. ನಾ ಕೇಳೋದು ಇಷ್ಟೇ. ನಾಳಿ ಬರ್ಲ್ಯಾ, ಬ್ಯಾಡಾ? ಹೇಳೋ ತನಕ ಕಾಲು ತಗಿಯಂಗಿಲ್ಲ.”

ಸಿದ್ರಾಮ ಎದ್ದು ಬಂದು, “ನಂದೂ ಅದ,” ಎಂದು ತನ್ನ ಕಾಲನ್ನೂ ಹರಿವಾಣದಲ್ಲಿಟ್ಟ. ಉಳಿದ ಎಂಟು ಜನ ಕೋಲು, ಕೊಡೆ ಬಿಸಾಕಿ ನೆಟ್ಟಗೆ ನಡೆದು ಬಂದು ಸುತ್ತ ನಿಂತರು. ಹರಿವಾಣದಲ್ಲಿ ಜಾಗವಿಲ್ಲದವರು ಅದರ ಅಂಚಿಗೆ ಕಾಲಿಟ್ಟರು. ಪೇಪರಿನವನು ಕುರ್ಚಿ ಹತ್ತಿ ಫೋಟೋ ಹೊಡೆಯುತ್ತಿದ್ದ. ನಗರಸೇವಕರು ಪಕ್ಕದವರನ್ನು, “ಕಾಯ್ ಝಾಲಂ?” ಎಂದು ಕೇಳಿದರು. ಪಕ್ಕದವರು ಖುಷಿಯಿಂದ ಆದದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದರು.

ಯಜ್ಞೇಶ್ವರರ ಪಂಚೆ ನೆನೆದಿತ್ತು. ಸುತ್ತಲೂ ಕಾಲುಗಳು, ಏಳಲು ದಾರಿಯಿರಲಿಲ್ಲ. “ಬಾ ಮಾರಾಯ್ತಿ, ನಾಳೆಯಿಂದ ಬಾ,” ಎಂದರು.

“ಮೈಕಿನ್ಯಾಗ.”

ಮೈಕಿನಲ್ಲಿ ಹೇಳಿದರು.

“ಸಿದ್ರಾಮಣ್ಣ?”

“ಅವನೂ ಬರಲಿ.”

“ಕಾಲು ಮುರದ ಮಣಿ?”

“ಹೊಸತು ತರಿಸುವ. ಇನ್ನಾದರೂ ಕಾಲು ತೆಗಿ ತಾಯೀ.”

ಮರಗಮ್ಮ ಬಲಗಾಲು ತೆಗೆದಳು, ಉಳಿದವರೂ ತೆಗೆದರು. ಸಭಾಂಗಣ ಪೂರಾ ನಿಟ್ಟುಸಿರು ಬಿಟ್ಟಿತು. ಶೇಟರು ಎರಡೂ ಕೈ ನೆಲಕ್ಕೂರಿ ಏಳತೊಡಗಿದರು. ಆಗ ಅವಳು ಎಡಗಾಲಿನಿಂದ ಹರಿವಾಣವನ್ನು ತನ್ನ ಕಡೆಗೆ ಎಳೆದುಕೊಂಡು, ಆ ಕಾಲನ್ನು ನೀರಿನೊಳಗಿಟ್ಟಳು.

“ಇನ್ನೊಂದು ಕಾಲು ಉಳದದ ಶೇಟ,” ಎಂದಳು ಮೈಕಿನಲ್ಲಿ. “ಹಿಮ್ಮಡ ಚಲೋತ್ನಂಗ ತಿಕ್ಕು.”