ಪೇಷಂಟ್ ಕಡೆಯವರು

ನನ್ನ ಮಹಾಪ್ರಬಂಧವನ್ನು ಸಮಿತಿಯವರು ವಾಪಸ್ ಕಳಿಸಿದಾಗ ನನಗೆ ಬೇಜಾರಾಗಲಿಲ್ಲ. ಬೇಜಾರಾಗಬೇಕಿತ್ತು ಎಂಬುದು ನೆನಪಿತ್ತು, ಅಷ್ಟೇ. ಮೊದಲ ಐದು ಅಧ್ಯಾಯಗಳು ಪರವಾಗಿಲ್ಲ, ಆರನೆಯದು ಏನು ಹೇಳುತ್ತಿದೆಯೋ ತಿಳಿಯುತ್ತಿಲ್ಲ, ಒಳ್ಳೆಯ ವೃತ್ತಿಪರ ಸಂಪಾದಕರ ಕೈಯಲ್ಲಿ ತಿದ್ದಿಸಿ ಈ ಅವಧಿಯೊಳಗೆ ಕೊಡಿ, ಇನ್ನು ಮುಂದೆ ಅವಧಿ ವಿಸ್ತರಿಸುವುದಿಲ್ಲ ಎಂದಿದ್ದರು. ಅದನ್ನೇ ನನ್ನ ಗೈಡು ಫೋನಿನಲ್ಲಿ ಮೆತ್ತಗೆ ಹೇಳಿದರು. ದುಃಖದಲ್ಲಿ ಬರೆದದ್ದು ಹಾಗೇ ಆಗುತ್ತದಂತೆ. ನನಗೆ ದುಃಖವಿದೆ ಎಂದು ಅವರಿಗೆ ಯಾರು ಹೇಳಿದರೋ.

ನಮ್ಮ ಮನೆಯವರು ಹೋಗಿ ವರ್ಷದ ಮೇಲಾಗಿತ್ತು. ನಾನು ಅತ್ತಿರಲಿಲ್ಲ. ಮಾತಾಡಿಸಲು ಬಂದವರು ಎದುರಿಗೆ ಗಟ್ಟಿಗಿತ್ತಿ ಎಂದರು, ಗೇಟು ದಾಟಿದ ಮೇಲೆ ಕಲ್ಲು ಎಂದಿರಬಹುದು. ಎರಡೂ ಅಲ್ಲ. ಕಾಲು ಜೋಮು ಹಿಡಿದರೆ ನೆಲಕ್ಕೆ ಕುಟ್ಟಿ ಸರಿಮಾಡಿಕೊಳ್ಳಬಹುದು, ನನಗೆ ಎಲ್ಲಿ ಕುಟ್ಟಬೇಕೆಂದೇ ಗೊತ್ತಾಗಲಿಲ್ಲ. ಕಾಲೇಜಿಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಬರುತ್ತಾ ಹಾಲು ತರುತ್ತಿದ್ದೆ. ಈ ಪ್ರಬಂಧವೊಂದು ಮಾತ್ರ ಬಿಸಿತುಪ್ಪವಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅದರ ವಿಷಯ ಕಾಯುವುದು. ಆಸ್ಪತ್ರೆಯ ಹೊರಗಿನ ಬೆಂಚುಗಳ ಮೇಲೆ ರೋಗಿಯ ಕಡೆಯವರು ಹೇಗೆ ಕಾಯುತ್ತಾರೆ, ಏನು ಮಾತಾಡುತ್ತಾರೆ, ಯಾರ ಚೀಲ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೆಲ್ಲ ವರ್ಷಗಟ್ಟಲೆ ಕೂತು ನೋಡಿದ್ದೆ. ಐಸಿಯು ಮುಂದಿನ ಉದ್ದ ಬೆಂಚಿನ ಗೋಡೆಯ ಕಡೆಯ ತುದಿ ನನ್ನ ಜಾಗವೆಂದೇ ಆಗಿಹೋಗಿತ್ತು. ಕಸ ಗುಡಿಸುವವರು ನನ್ನ ಕಾಲ ಕೆಳಗೆ ಗುಡಿಸಿ ಮುಂದೆ ಹೋಗುತ್ತಿದ್ದರು, ಎದ್ದೇಳಿ ಎನ್ನುತ್ತಿರಲಿಲ್ಲ. ಮನೆಯವರು ತಮಾಷೆ ಮಾಡುತ್ತಿದ್ದರು. "ಕಾಯೋದಕ್ಕೂ ಡಾಕ್ಟರೇಟ್ ಕೊಡ್ತಾರಾ? ಹಾಗಾದ್ರೆ ನಂಗೆ ಮೊದಲು ಕೊಡ್ಸು, ಮದುವೆ ಆದಾಗಿನಿಂದ ನಿಂಗೋಸ್ಕರ ಗೇಟಲ್ಲಿ ನಿಂತಿದ್ದೀನಿ."

ಮೂರನೇ ಅಧ್ಯಾಯದಲ್ಲಿ ನಾನು ಕಂಡುಹಿಡಿದದ್ದು ಒಂದಿದೆ. ನರ್ಸ್ ಬಾಗಿಲು ತೆಗೆದು "ಪೇಷಂಟ್ ಕಡೆಯವರು ಯಾರಿದ್ದೀರಾ?" ಎಂದು ಕರೆದರೆ ಯಾರೂ ತಟ್ಟನೆ ಏಳುವುದಿಲ್ಲ. ಮೊದಲು ಪಕ್ಕದಲ್ಲಿರುವ ತಮ್ಮವರ ಮುಖ ನೋಡುತ್ತಾರೆ, ಆಮೇಲೆ ಏಳುತ್ತಾರೆ. ಗಂಡಸರು, ಹೆಂಗಸರು, ಓದಿದವರು, ಓದದವರು, ಎಲ್ಲರದೂ ಹೀಗೇ. ಇದನ್ನು ಹೇಳಿದ ಮೇಲೆ ಮನೆಯವರಿಗೆ ಅದೇ ಆಟವಾಯಿತು. ಮನೆಯ ಬೆಲ್ಲು ಹೊಡೆದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡರೆ "ನೋಡು, ಮೂರನೇ ಅಧ್ಯಾಯ" ಎನ್ನುತ್ತಿದ್ದರು. ಬೆಲ್ಲು ಹೊಡೆದವರು ಹೊರಗೆ ಕಾಯುತ್ತಿದ್ದರು.

ಅವರು ಹೋದದ್ದೂ ಅದೇ ಆಸ್ಪತ್ರೆಯಲ್ಲಿ, ಅದೇ ಬಾಗಿಲ ಹಿಂದೆ. ಆಗ ನಾನು ಕೂತದ್ದೂ ಅದೇ ಬೆಂಚು. ಆ ದಿನದ್ದು ಆರನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಇದೆ. 'ಒಂದು ಪ್ರಕರಣದಲ್ಲಿ' ಎಂದು ಶುರುವಾಗುತ್ತದೆ. ಆ ಪ್ರಕರಣ ನಾನೇ ಎಂದು ಸಮಿತಿಗೂ ಗೊತ್ತಿರಲಿಲ್ಲ, ಗೈಡಿಗೂ ಗೊತ್ತಿರಲಿಲ್ಲ. ಇಡೀ ಅಧ್ಯಾಯವನ್ನು ಆ ಪ್ಯಾರಾದ ಸುತ್ತ ಬಟ್ಟೆ ಸುತ್ತಿದ ಹಾಗೆ ಬರೆದಿದ್ದೆ. ಅದನ್ನು ಯಾರಾದರೂ ತಿದ್ದಿ ಮುಗಿಸಿಕೊಟ್ಟರೆ ಆ ಬೆಂಚಿನಿಂದ ಎದ್ದು ಬರಬಹುದು ಎಂಬುದೊಂದೇ ನನಗಿದ್ದ ಆಸೆ. ಆದರೆ ಅದನ್ನು ಯಾರ ಕೈಗೆ ಕೊಡುವುದು?

ಮೊದಲು ಸಿಕ್ಕಿದ್ದು ಒಂದು ಕಂಪನಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಗಾಜಿನ ಕೋಣೆ, ಕೆಳಗಿನಿಂದ ಹಲ್ಲು ಕೊರೆಯುವ ಸದ್ದು. ಟೈ ಕಟ್ಟಿದವನೊಬ್ಬ ಬೆಳ್ಳಿ, ಬಂಗಾರ, ಪ್ಲಾಟಿನಂ ಎಂದು ಮೂರು ಬಗೆ ಹೇಳಿದ. ನಾನು ಅಂಗಡಿ ತಪ್ಪಿ ಬಂದೆನೇನೋ ಎಂದುಕೊಂಡೆ. ಮಾದರಿಗೆಂದು ಕೊಟ್ಟ ಪುಟಗಳು ತಿದ್ದಿ ಬಂದವು. ಬೆಂಚು 'ಆಸನ ಸೌಲಭ್ಯ'ವಾಗಿತ್ತು. ಅಳು 'ಭಾವನಾತ್ಮಕ ಪ್ರತಿಕ್ರಿಯೆ'ಯಾಗಿತ್ತು. ಸಾವು ಎಂದಿದ್ದ ಕಡೆಯಲ್ಲೆಲ್ಲ 'ಪ್ರತಿಕೂಲ ಫಲಿತಾಂಶ' ಕೂತಿತ್ತು. ಆರನೆಯದು ಅಷ್ಟು ತೊಂದರೆಯಾದರೆ ತಾವೇ ಬರೆದುಕೊಡುವುದಾಗಿಯೂ ಯಾರಿಗೂ ಗೊತ್ತಾಗುವುದಿಲ್ಲವೆಂದೂ ಹೇಳಿದ. ನನಗೆ ಒಂದು ಕ್ಷಣ ನಿಜವಾಗಿಯೂ ಆಸೆಯಾಯಿತು. ನನ್ನ ಬದಲು ಬೇರೆ ಯಾರೋ ಹೋಗಿ ಆ ಬೆಂಚಿನ ಮೇಲೆ ಕೂತು ಬರುತ್ತಾರಲ್ಲ ಎಂದು. ಕೆಳಗೆ ಯಾರೋ ನೋವಿಗೆ ಕೂಗಿದರು, ನಾನು ಎದ್ದು ಬಂದೆ.

ಎರಡನೆಯವರು ನಿವೃತ್ತ ಪ್ರಾಧ್ಯಾಪಕರು. ಭಾಷೆಯಲ್ಲಿ ದೊಡ್ಡ ಹೆಸರು, ಮನೆ ತುಂಬ ಪುಸ್ತಕ, ಕೂರಲು ಜಾಗವಿಲ್ಲ. ನಮ್ಮ ಮನೆಯವರ ವಿಷಯ ಅವರಿಗೆ ಯಾರೋ ಮೊದಲೇ ಹೇಳಿಬಿಟ್ಟಿದ್ದರು. ಆರನೇ ಅಧ್ಯಾಯವನ್ನು ತಿದ್ದಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು, ಕಣ್ಣು ಕೆಂಪಾಗಿತ್ತು. ತೆರೆದು ನೋಡಿದರೆ ಆಸ್ಪತ್ರೆಯ ಗೋಡೆಗಳು ಬಿಕ್ಕುತ್ತಿದ್ದವು, ಗಡಿಯಾರದ ಮುಳ್ಳು ಎದೆಗೆ ಚುಚ್ಚುತ್ತಿತ್ತು, ಟ್ಯೂಬ್‌ಲೈಟು ಕೂಡ ಮಂಕಾಗಿ ಮರುಗುತ್ತಿತ್ತು. ಒಳ್ಳೆಯ ಮನುಷ್ಯರು, ನನ್ನ ಪಾಲಿನದನ್ನೂ ತಾವೇ ಅತ್ತಿದ್ದರು. ಆದರೆ ಅಳುವ ಗುತ್ತಿಗೆಯನ್ನು ನಾನು ಅವರಿಗೆ ಕೊಟ್ಟಿರಲಿಲ್ಲ. ಥ್ಯಾಂಕ್ಸ್ ಹೇಳಿ ಬಂದೆ. ಸಿಟ್ಟು ಬಂದಿತ್ತು ಎಂದುಕೊಳ್ಳುತ್ತೇನೆ. ಅದೂ ಸರಿಯಾಗಿ ಬರಲಿಲ್ಲ.

ನನ್ನ ನಾದಿನಿಗೆ ಸಹನೆ ಕಡಿಮೆ, ಪ್ರೀತಿ ಜಾಸ್ತಿ. ಅಣ್ಣ ಹೋದ ಮೇಲೆ ವಾರಕ್ಕೊಮ್ಮೆ ಬಂದು ನನ್ನ ಫ್ರಿಜ್ಜು ತೆಗೆದು ನೋಡಿ ಬೈದು ಹೋಗುತ್ತಾಳೆ. ಆ ವಾರ ಪ್ರಬಂಧಕ್ಕೂ ಬೈದಳು. "ಅತ್ತಿಗೆ, ಗಂಡು ಹುಡುಕೋರೂ ಇಷ್ಟು ಅಳೆದು ಸುರಿದು ನೋಡಲ್ಲ. ಒಬ್ರನ್ನ ಒಪ್ಕೊಳ್ಳಿ." ಬೈದವಳೇ ಪ್ರಬಂಧ ಬೈಂಡು ಮಾಡುವ ಅಂಗಡಿಗೆ ಹೋಗಿ ವಿಚಾರಿಸಿ ಒಂದು ವಿಳಾಸ ತಂದುಕೊಟ್ಟಳು. ಅಲ್ಲೊಬ್ಬ ಹೆಂಗಸಿದ್ದಾರಂತೆ, ವಿಪರೀತ ಕಿರಿಕಿರಿಯಂತೆ, ಆದರೆ ಅವರ ಕೈಯಿಂದ ಹೋದದ್ದು ಮತ್ತೆ ವಾಪಸ್ ಬಂದದ್ದಿಲ್ಲವಂತೆ.

ಟೈರ್ ಅಂಗಡಿ ದಾಟಿ ಒಳಗೆ ಹೋದರೆ ಕೆಳಮನೆ. ಕಿಟಕಿಯ ಹತ್ತಿರ ಮೇಜು, ಎದುರುಬದುರು ಎರಡು ಕುರ್ಚಿ. ಎಡಿಟರ್ ಮೇಡಂ ನನಗಿಂತ ಹಿರಿಯರು, ಕಿವಿಯ ಹಿಂದೆ ಪೆನ್ಸಿಲ್ಲು. ನಾನು ಪೆನ್‌ಡ್ರೈವ್ ಮೇಜಿನ ಮೇಲಿಟ್ಟರೆ ಮುಟ್ಟಲಿಲ್ಲ. ಕಾಗದದ ಮೇಲೆ ಎರಡು ಪ್ರತಿ ತನ್ನಿ, ಒಂದು ನಿಮಗೆ, ಒಂದು ನನಗೆ ಎಂದರು. ಅವರು ಮೊದಲು ಪ್ರೆಸ್ಸಿನಲ್ಲಿದ್ದರಂತೆ. ಅಲ್ಲಿ ಕರಡು ತಿದ್ದಲು ಇಬ್ಬರು ಎದುರುಬದುರು ಕೂರುತ್ತಿದ್ದರು. ಒಬ್ಬರು ಜೋರಾಗಿ ಓದಬೇಕು, ಕಾಮಾ ಬಂದರೆ ಕಾಮಾ ಎನ್ನಬೇಕು, ಫುಲ್‌ಸ್ಟಾಪ್ ಬಂದರೆ ಫುಲ್‌ಸ್ಟಾಪ್ ಎನ್ನಬೇಕು, ಇನ್ನೊಬ್ಬರು ಪೆನ್ಸಿಲ್ ಹಿಡಿದು ಹಿಂಬಾಲಿಸಬೇಕು. ಕೆಲಸ ಬಿಟ್ಟು ಮನೆಯಲ್ಲಿ ಶುರುಮಾಡಿದ ಮೇಲೆ ಅವರಿಗೆ ಓದುತ್ತಿದ್ದವರು ಅವರ ಅತ್ತೆ. ಈಗ ಅತ್ತೆಯವರಿಗೆ ಕಣ್ಣು ಕಾಣುವುದಿಲ್ಲ. ಅದಕ್ಕೇ ಬರೆದವರೇ ಬಂದು ಓದಬೇಕು ಎಂಬ ನಿಯಮ.

"ರಾಗ ಹಾಕ್ಬೇಡಿ," ಎಂದರು. "ರಾಗ ಹಾಕಿದ್ರೆ ತಪ್ಪು ಮುಚ್ಚಿಹೋಗುತ್ತೆ. ಕಾಗದದಲ್ಲಿ ಏನಿದೆಯೋ ಅಷ್ಟೇ ಓದಿ, ಮನಸ್ಸಲ್ಲಿರೋದನ್ನ ಓದ್ಬೇಡಿ."

ಭಾವವಿಲ್ಲದೆ ಓದುವ ಕೆಲಸಕ್ಕೆ ನನಗಿಂತ ಅರ್ಹರು ಅವರಿಗೆ ಸಿಗುತ್ತಿರಲಿಲ್ಲ.

ಕಾಲೇಜು ಮುಗಿಸಿ ಸಂಜೆ ಹೋಗಿ ಓದತೊಡಗಿದೆ. ಒಳಕೋಣೆಯಲ್ಲಿ ಅತ್ತೆಯವರು ಮಂಚದ ಮೇಲೆ ಕೂತು ಕೇಳುತ್ತಿದ್ದರು. ಧಾರಾವಾಹಿಯ ಹಾಗೆ ಹಿಡಿದುಬಿಟ್ಟಿತ್ತು ಅವರಿಗೆ. ನಾನು ಚಪ್ಪಲಿ ಬಿಡುವಷ್ಟರಲ್ಲೇ "ಇವತ್ತು ಯಾವ ವಾರ್ಡಮ್ಮಾ?" ಎಂದು ಕೂಗುತ್ತಿದ್ದರು. ಹೆರಿಗೆ ವಾರ್ಡಿನ ದಿನ ಖುಷಿಯಾಗಿದ್ದರು. ಮೂರನೇ ಅಧ್ಯಾಯದ ದಿನ "ಹೌದೌದು, ಹಾಗೇ ಮಾಡ್ತಾರೆ, ನಾವೂ ಹಾಗೇ ಮಾಡಿದ್ವಿ" ಎಂದು ಒಳಗಿನಿಂದಲೇ ಸಾಕ್ಷಿ ಹೇಳಿದರು. ಎಡಿಟರ್ ಮೇಡಂ ಹೆಚ್ಚು ಮಾತಾಡುತ್ತಿರಲಿಲ್ಲ. 'ಗಮನಿಸಲಾಗಿದೆ' ಎಂದು ನಾನು ಓದಿದರೆ ಪೆನ್ಸಿಲ್ ನಿಲ್ಲಿಸಿ ಯಾರು ಗಮನಿಸಿದ್ದು ಎಂದು ಕೇಳುತ್ತಿದ್ದರು. 'ನಾನು' ಎಂದರೆ, ಹಾಗಂತ ಹಾಕೋಣ ಎಂದು ತಿದ್ದುತ್ತಿದ್ದರು. ಬೆಂಚನ್ನು ಬೆಂಚಾಗಿಯೇ ಬಿಟ್ಟರು. ನನ್ನ ಗಂಡನ ಬಗ್ಗೆ ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ.

ಆರನೇ ಅಧ್ಯಾಯಕ್ಕೆ ಬಂದೆವು. ಆ ಸಂಜೆ ಟೈರ್ ಅಂಗಡಿ ಮುಚ್ಚಿತ್ತು, ಬೀದಿ ಸುಮ್ಮನಿತ್ತು. ನನಗೆ ಹೆದರಿಕೆಯೇನೂ ಆಗಲಿಲ್ಲ. ಎಲ್ಲದರ ಹಾಗೆ ಇದನ್ನೂ ಓದಿ ಮುಗಿಸಿ ಹಾಲು ತಗೊಂಡು ಮನೆಗೆ ಹೋಗುವುದು ಎಂದುಕೊಂಡಿದ್ದೆ. ಆ ಪ್ಯಾರಾ ಬಂತು.

"ಒಂದು ಪ್ರಕರಣದಲ್ಲಿ ಕಾಮಾ ಕರೆ ಬಂದರೂ ಸಂಬಂಧಿಕರು ಏಳಲು ತಡಮಾಡಿದ್ದು ಕಂಡುಬಂದಿದೆ ಫುಲ್‌ಸ್ಟಾಪ್," ಎಂದು ಓದಿದೆ. ನನ್ನ ದನಿ ಹಾಗೇ ಸಪಾಟಾಗಿ ಮುಂದೆ ಹೋಯಿತು. "ನರ್ಸ್ ನನ್ನನ್ನು ನೋಡಿ ನಕ್ಕರು ಫುಲ್‌ಸ್ಟಾಪ್. ನಾನು ಯಾವಾಗಲೂ ಬರೆದುಕೊಳ್ಳುತ್ತಾ ಆ ಬೆಂಚಿನಲ್ಲಿ ಕೂತಿರುವವಳು ಕಾಮಾ ಅದಕ್ಕೇ ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ ಪೇಷಂಟ್ ಕಡೆಯವರು ಯಾರಿದ್ದೀರಾ ಎಂದು ಮತ್ತೆ ಕರೆದರು ಫುಲ್‌ಸ್ಟಾಪ್. ನಾನು ಪಕ್ಕಕ್ಕೆ ತಿರುಗಿ ನೋಡಿದೆ ಫುಲ್‌ಸ್ಟಾಪ್. ಪಕ್ಕದಲ್ಲಿ ಯಾರೂ ಇರಲಿಲ್ಲ ಫುಲ್‌ಸ್ಟಾಪ್. ನಾನು ಯಾರ ಮುಖ ನೋಡಿ ಏಳಬೇಕಿತ್ತೋ ಕಾಮಾ ಅವರು ಒಳಗೆ ಇದ್ದರು ಫುಲ್‌ಸ್ಟಾಪ್."

ಪೆನ್ಸಿಲ್ಲಿನ ಸದ್ದು ನಿಂತಿತ್ತು.

"ಅದು ಇಲ್ಲಿಲ್ಲ," ಎಂದರು ಎಡಿಟರ್ ಮೇಡಂ.

ನಾನು ನನ್ನ ಪ್ರತಿ ನೋಡಿದೆ. ನಿಜ, ಇರಲಿಲ್ಲ. ಪ್ಯಾರಾ ಎಂದರೆ ಆ ಒಂದೇ ಸಾಲು, ಅದರ ಕೆಳಗೆ ನೇರವಾಗಿ ಕೋಷ್ಟಕವಿತ್ತು. ಇಲ್ಲದ್ದನ್ನು ನಾನು ಕಣ್ಣಿಟ್ಟು ಓದಿದ್ದೆ, ಕಾಮಾ ಸಮೇತ. ಸಾರಿ ಎಂದೆ, ಮುಂದಿನ ಸಾಲು ಓದುತ್ತೇನೆ ಎಂದೆ. ಅವರು ಕಾಗದ ತಿರುಗಿಸಲಿಲ್ಲ.

"ಹಾಕೋಣ್ವಾ?"

ಸಂಶೋಧನೆ ಮಾಡುವವಳು ತಾನೇ ಪ್ರಕರಣವಾಗುವಂತಿಲ್ಲ, ಗೈಡು ಒಪ್ಪುವುದಿಲ್ಲ, ಸಮಿತಿ ಮತ್ತೆ ವಾಪಸ್ ಕಳಿಸಿದರೆ ಎಲ್ಲಾ ಮುಗಿಯಿತು ಎಂದು ಹೇಳಿದೆ. ನನ್ನ ದನಿ ನನಗೇ ದೂರದಿಂದ ಕೇಳಿಸುತ್ತಿತ್ತು. ಅವರು ತಲೆಯಾಡಿಸಿದರು.

"ಅದನ್ನ ಗೈಡ್ ಹೇಳ್ಲಿ, ಅವರ ಹತ್ರ ಜಗಳ ಆಡೋಣ. ತಡ ಯಾಕಾಯ್ತು ಅಂತ ಓದೋರು ಕೇಳೇ ಕೇಳ್ತಾರೆ. ನೀವು ಈಗ ಹೇಳಿದ್ರಲ್ಲ, ಅದೇ ಉತ್ತರ. ಅದಿಲ್ದಿದ್ರೆ ಈ ಅಧ್ಯಾಯ ಯಾರು ತಿದ್ದಿದ್ರೂ ಸರಿಹೋಗಲ್ಲ, ನಾನು ತಿದ್ದಿದ್ರೂ ಅಷ್ಟೇ."

ನಾನು ಕೋಷ್ಟಕ ನೋಡುತ್ತಾ ಕೂತೆ. ಅದರಲ್ಲಿ ಜೊತೆಯಲ್ಲಿ ಕಾದವರು ಎಂಬ ಕಡೆ ಎಲ್ಲರೂ ಇದ್ದರು. ಒಂಟಿಯಾಗಿ ಕಾದವರು ಎಂಬ ಸಾಲೇ ಇರಲಿಲ್ಲ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಹಾಕಿ," ಎಂದೆ.

"ಹಾಗಾದ್ರೆ ಇನ್ನೊಂದ್ಸಲ ಹೇಳಿ. ನಿಧಾನಕ್ಕೆ ಹೇಳಿ, ಬರ್ಕೋಬೇಕು."

ಹೇಳಿದೆ. ಅವರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಾ ಹೋದರು. ನರ್ಸ್ ನಕ್ಕದ್ದು ಬರೆದರು, ಮತ್ತೆ ಕರೆದದ್ದು ಬರೆದರು, ಪಕ್ಕದಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಬರೆದರು. ಒಂದು ಅಕ್ಷರ ಬದಲಿಸಲಿಲ್ಲ. 'ಅವರು ಒಳಗೆ ಇದ್ದರು' ಎಂಬಲ್ಲಿಗೆ ಬಂದಾಗ ಅದರ ಮುಂದಿನದನ್ನು ನನಗೆ ಹೇಳಲಾಗಲಿಲ್ಲ. ಅವರು ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದು ಕಾದರು.

"ಇರ್ಲಿ ಬಿಡಿ. ಫುಲ್‌ಸ್ಟಾಪ್ ನಾನು ಹಾಕ್ಕೋತೀನಿ."

ನನಗೆ ಅಳು ಬಂತು. ಜೋರಾಗಿಯೇ ಬಂತು. ಎಲ್ಲಿತ್ತೋ ಇಷ್ಟು ದಿನ. ಅವರು ಕಾಗದಗಳನ್ನು ಒದ್ದೆಯಾಗದ ಹಾಗೆ ತಮ್ಮ ಕಡೆ ಎಳೆದುಕೊಂಡರು, ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು. ನಾನು ಅತ್ತು ಮೂಗು ಒರೆಸಿಕೊಂಡೆ, ಮತ್ತೆ ಅಳು ಬಂತು. ಅದು ಮುಗಿಯುವವರೆಗೆ ಅವರು ಎದುರು ಕುರ್ಚಿಯಲ್ಲೇ ಕೂತಿದ್ದರು.

ಓದುವ ಸದ್ದು ನಿಂತು ಬಹಳ ಹೊತ್ತಾಗಿರಬೇಕು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಯಾರಿದ್ದೀರಾ ಅಲ್ಲಿ?" ಎಂದು ಅತ್ತೆಯವರು ಕರೆದರು. "ಒಬ್ರಾದ್ರೂ ಇಲ್ಲಿ ಬನ್ನಿ."

ನಾನು ತಲೆಯೆತ್ತಿ ಎಡಿಟರ್ ಮೇಡಂ ಮುಖ ನೋಡಿದೆ. ಅವರೂ ನನ್ನ ಮುಖ ನೋಡುತ್ತಿದ್ದರು.

"ಮೂರನೇ ಅಧ್ಯಾಯ," ಎಂದೆ.

ಅವರು ಹೌದು ಎಂದು ತಲೆಯಾಡಿಸಿದರು. ಆಮೇಲೆ ಇಬ್ಬರೂ ಎದ್ದೆವು.